ಇಂಫಾಲದ ಕೆಂಪು ಗುಡ್ಡ



ಮಣಿಪುರದ ಇಂಫಾಲಕ್ಕೆ ವಿಮಾನದಲ್ಲಿ ಹೋದವರು ಇಳಿಯುವ ಜಾಗದ ಹೆಸರು ತುಲಿಹಾಲ್. 1944ರಲ್ಲಿ ಅಲ್ಲಿದ್ದದ್ದು ಸೇನೆಯ ವಿಮಾನಗಳು ಏರಿಳಿಯುವ ಓಟದ ಪಟ್ಟಿ. ನಿಲ್ದಾಣದ ಹೊರಗೆ ಹಾದುಹೋಗುವ ಟಿಡ್ಡಿಂ ರಸ್ತೆ ಕೂಡ ಆ ಕಾಲದ್ದೇ. ಅದನ್ನು ಹಿಡಿದು ದಕ್ಷಿಣಕ್ಕೆ ಹೊರಟರೆ ನಂಬೋಲ್ ಪೇಟೆ ದಾಟಿದ ಮೇಲೆ, ಗದ್ದೆಬಯಲಿನ ಅಂಚಿನಲ್ಲಿ ಒಂದು ಗುಡ್ಡ ಸಿಗುತ್ತದೆ. ಇಂಫಾಲದಿಂದ ಸುಮಾರು 16 ಕಿಲೋಮೀಟರ್. ಊರವರಿಗೆ ಅದು ಮೈಬಮ್ ಲೋಟ್ಪಾ ಚಿಂಗ್. ಸೇನೆಯ ನಕ್ಷೆಯಲ್ಲಿ ಪಾಯಿಂಟ್ 2926, ಅಂದರೆ ಅಷ್ಟು ಅಡಿ ಎತ್ತರ. ಪ್ರವಾಸಿಗರ ಬಾಯಲ್ಲಿ ರೆಡ್ ಹಿಲ್. ಇವತ್ತು ನಾನು ನಿಮ್ಮನ್ನು ಕರೆದೊಯ್ಯುವುದು ಈ ಗುಡ್ಡದ ಬುಡದಲ್ಲಿರುವ ಇಂಫಾಲ ಶಾಂತಿ ಸಂಗ್ರಹಾಲಯಕ್ಕೆ.

ಅದರ ಬಾಗಿಲು ತೆರೆದದ್ದು 2019ರ ಜೂನ್ 22ರಂದು. ದಿನವನ್ನು ಯೋಚಿಸಿಯೇ ಆರಿಸಿದ್ದರು. ಅದಕ್ಕೆ ಸರಿಯಾಗಿ 75 ವರ್ಷಗಳ ಹಿಂದೆ, 1944ರ ಜೂನ್ 22ರಂದು, ಕೊಹಿಮಾ ಕಡೆಯಿಂದ ಬಂದ ಬ್ರಿಟಿಷ್ ಸೇನೆಯ ಪಡೆ ಮತ್ತು ಇಂಫಾಲದಿಂದ ಹೊರಟ ಪಡೆ 109ನೇ ಮೈಲಿಗಲ್ಲಿನ ಬಳಿ ಕೂಡಿಕೊಂಡವು; ಇಂಫಾಲಕ್ಕೆ ಜಪಾನೀಯರು ಹಾಕಿದ್ದ ಮೂರು ತಿಂಗಳ ಮುತ್ತಿಗೆ ಒಡೆಯಿತು. ಜಪಾನೀಯರ ಪಾಲಿಗೆ ಅದು ಸೋಲಿನ ದಿನ. ಆದರೂ ಸಂಗ್ರಹಾಲಯಕ್ಕೆ ಹಣ ಕೊಟ್ಟದ್ದು ಜಪಾನಿನ ನಿಪ್ಪಾನ್ ಫೌಂಡೇಷನ್. ಕೈಜೋಡಿಸಿದ್ದು ಮಣಿಪುರ ಸರ್ಕಾರ ಮತ್ತು ಅಲ್ಲಿನ ಪ್ರವಾಸೋದ್ಯಮ ವೇದಿಕೆ. ಆಗ ಜಪಾನಿನ ಪ್ರಧಾನಿಯಾಗಿದ್ದ ಶಿಂಜೊ ಅಬೆ ತಮ್ಮ ಕೈಬರಹದಲ್ಲಿ ‘ಶಾಂತಿ’ ಎಂದು ಬರೆದುಕೊಟ್ಟದ್ದನ್ನು ಒಳಗೆ ಇಟ್ಟಿದ್ದಾರೆ.

ಇಲ್ಲಿ ನಡೆದದ್ದೇನು? ಬರ್ಮಾದಲ್ಲಿದ್ದ ಜಪಾನಿನ 15ನೇ ಸೈನ್ಯದ ದಂಡನಾಯಕ ರೆನ್ಯಾ ಮುತಾಗುಚಿ, 1944ರ ಮಾರ್ಚಿನಲ್ಲಿ ಮೂರು ಡಿವಿಷನ್‌ಗಳನ್ನು ಚಿಂದ್ವಿನ್ ನದಿ ದಾಟಿಸಿದ. ಒಟ್ಟು ಸುಮಾರು 85 ಸಾವಿರ ಮಂದಿ. ಅವರು ಹೊತ್ತು ತಂದದ್ದು ಮೂರು ವಾರಗಳ ಆಹಾರ. ಅಷ್ಟರಲ್ಲಿ ಇಂಫಾಲ ಕೈವಶವಾಗುತ್ತದೆ, ಬ್ರಿಟಿಷರ ಉಗ್ರಾಣದಲ್ಲೇ ಉಂಡರಾಯಿತು ಎಂಬುದು ಲೆಕ್ಕ. ಜೊತೆಗೆ ದನಗಳ ಹಿಂಡನ್ನೂ ಹೊಡೆದುಕೊಂಡು ಬಂದರು; ಬೇಕಾದಾಗ ಕೊಯ್ದು ತಿನ್ನಬಹುದು ಅಂತ. ನದಿ ದಾಟುವಾಗಲೇ ಎಷ್ಟೋ ದನಗಳು ಕೊಚ್ಚಿಹೋದವು. ಮಲೆನಾಡಿನ ಘಾಟಿಯಲ್ಲಿ ಮಳೆಗಾಲದಲ್ಲಿ ಎತ್ತು ಹೊಡೆದ ಯಾವ ರೈತನಾದರೂ ಈ ಯೋಜನೆ ಕೇಳಿ ತಲೆ ಚಚ್ಚಿಕೊಳ್ಳುತ್ತಿದ್ದ.

ಇತ್ತ ಬ್ರಿಟಿಷರ ಕಡೆ ಜನರಲ್ ಸ್ಲಿಮ್ ಅವರ 14ನೇ ಸೈನ್ಯ ವಿಮಾನಗಳನ್ನು ನೆಚ್ಚಿಕೊಂಡಿತು. ಅರಾಕಾನಿನಲ್ಲಿ ಕಾದಾಡುತ್ತಿದ್ದ ಭಾರತೀಯ 5ನೇ ಡಿವಿಷನ್ ಫಿರಂಗಿ, ಹೇಸರಗತ್ತೆ ಸಮೇತ ಹಾರಿಬಂದು ಇಂಫಾಲದಲ್ಲಿ ಇಳಿಯಿತು. ನಮ್ಮ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಆಗ ಅಮೆರಿಕದ ವಾಯುಪಡೆಯ 84ನೇ ಡಿಪೊ ಆಗಿತ್ತು. ಭಾರತ-ಬರ್ಮಾ ರಂಗದಲ್ಲಿ ಹಾರುತ್ತಿದ್ದ ಅಮೆರಿಕನ್ ವಿಮಾನಗಳು ದುರಸ್ತಿಗೆ ಅಲ್ಲಿಗೆ ಬರುತ್ತಿದ್ದವು. ಅಷ್ಟರಮಟ್ಟಿಗೆ ಈ ಯುದ್ಧದ ಎಣ್ಣೆಮಸಿ ಕನ್ನಡದ ಕೈಗಳಿಗೂ ಅಂಟಿದೆ.

ಮೇ ತಿಂಗಳ ಕೊನೆಯಲ್ಲಿ ಜಪಾನಿನ 33ನೇ ಡಿವಿಷನ್ನಿನ 214ನೇ ರೆಜಿಮೆಂಟಿನ ಒಂದು ತುಕಡಿ ಕಾಡಿನೊಳಗಿಂದ ನುಸುಳಿ ಈ ಕೆಂಪು ಗುಡ್ಡ ಹತ್ತಿತು. ರಸ್ತೆಯ ಮೇಲೆ ಹಿಡಿತ ಸಿಗಬೇಕೆಂಬುದು ಉದ್ದೇಶ. ಸುಮಾರು ಹತ್ತು ದಿನ ಅದೇ ಗುಡ್ಡಕ್ಕಾಗಿ ಕಾದಾಟ. ಹತ್ತಿದವರಲ್ಲಿ ಇಳಿದು ಹೋದವರು ತೀರ ಕಡಿಮೆ. ಅಷ್ಟು ಹೊತ್ತಿಗೆ ಮಳೆ ಹಿಡಿದಿತ್ತು. ಕೊಹಿಮಾದಲ್ಲಿದ್ದ ಡಿವಿಷನ್ನಿನ ಮುಖ್ಯಸ್ಥ ಸಾತೊ, ತನ್ನ ಹುಡುಗರಿಗೆ ತಿನ್ನಲು ಏನೂ ಇಲ್ಲವೆಂದು ಅಪ್ಪಣೆಗೆ ಕಾಯದೆ ಹಿಂದಿರುಗಿದ. ಮುತಾಗುಚಿ ಅವನನ್ನೂ ಉಳಿದಿಬ್ಬರು ಡಿವಿಷನ್ ಮುಖ್ಯಸ್ಥರನ್ನೂ ಕೆಲಸದಿಂದ ತೆಗೆದ. ಹಿಮ್ಮೆಟ್ಟುವ ಆದೇಶ ಬಂದದ್ದು ಜುಲೈನಲ್ಲಿ. ಸತ್ತ ಜಪಾನೀಯರು ಸುಮಾರು 30 ಸಾವಿರ. ಗುಂಡಿಗಿಂತ ಹಸಿವು, ಮಲೇರಿಯಾ, ರಕ್ತಭೇದಿಗೆ ಬಲಿಯಾದವರೇ ಹೆಚ್ಚು. ಅವರು ನಡೆದು ಹೋದ ದಾರಿಗೆ ಜಪಾನಿನಲ್ಲಿ ಬಿಳಿ ಮೂಳೆಗಳ ಹಾದಿ ಎಂಬ ಹೆಸರು ಉಳಿದಿದೆ. ಈ ಸೋಲನ್ನು ನಾನು ಶತ್ರುವಿನ ಶೌರ್ಯಗಾಥೆಯಾಗಿ ಹೇಳಲಾರೆ. ಒಬ್ಬ ದಂಡನಾಯಕನ ಹಟಕ್ಕೆ ಸಾವಿರಾರು ಹುಡುಗರು ಹಸಿದು ಸತ್ತರು, ಅಷ್ಟೆ.

ಆ ಮೂಳೆಗಳ ಪ್ರಶ್ನೆ ಜಪಾನಿನಲ್ಲಿ ಇನ್ನೂ ಮುಗಿದಿಲ್ಲ. ಆ ಯುದ್ಧದಲ್ಲಿ ಹೊರನಾಡುಗಳಲ್ಲಿ ಸತ್ತವರು 24 ಲಕ್ಷ ಎಂದು ಅಲ್ಲಿನ ಸರ್ಕಾರದ ಲೆಕ್ಕ. 11 ಲಕ್ಷಕ್ಕೂ ಹೆಚ್ಚು ಮಂದಿಯ ಅವಶೇಷ ಮನೆಗೆ ಮರಳಿಲ್ಲ. ಅದನ್ನು ಹುಡುಕುವ ಹೊಣೆ ಸರ್ಕಾರದ್ದೆಂದು 2016ರಲ್ಲಿ ಕಾನೂನನ್ನೇ ಮಾಡಿದರು. ಬದುಕಿ ಉಳಿದ ಸೈನಿಕರು, ಸತ್ತವರ ಮಕ್ಕಳು ಮಣಿಪುರಕ್ಕೆ ಬಂದುಹೋಗುವುದು ಎಷ್ಟೋ ವರ್ಷ ನಡೆಯಿತು. 1994ರಲ್ಲಿ ಜಪಾನ್ ಸರ್ಕಾರ ಗುಡ್ಡದ ಬುಡದಲ್ಲಿ ಭಾರತ ಶಾಂತಿ ಸ್ಮಾರಕವನ್ನು ಕಟ್ಟಿತು. ಸಂಗ್ರಹಾಲಯ ಬಂದದ್ದು ಅದರ ಮಗ್ಗುಲಿಗೆ.

ದಾಳಿ ಮಾಡಿದವರ ನಾಡಿನ ಹಣದಲ್ಲಿ ಎದ್ದ ಕಟ್ಟಡ ದಾಳಿಯ ಕಥೆಯನ್ನು ನೇರವಾಗಿ ಹೇಳೀತೇ ಎಂದು ನಿಮಗೆ ಅನಿಸಬಹುದು. ಅನುಮಾನ ಸಹಜ. ಅದನ್ನು ಬಹುಪಾಲು ಕರಗಿಸುವುದು ಒಳಗಿರುವ, ಮಣಿಪುರದ ಮಣ್ಣಿನಿಂದಲೇ ಎದ್ದ ವಸ್ತುಗಳು. ಅಲ್ಲಿನವರು ಈ ಯುದ್ಧವನ್ನು ‘ಜಪಾನ್ ಲಾನ್’ ಎನ್ನುತ್ತಾರೆ. ಅವರಿಗೆ ಅದು ಶುರುವಾದದ್ದು 1942ರ ಮೇ 10ರಂದು, ಇಂಫಾಲದ ಮೇಲೆ ಮೊದಲ ಬಾಂಬುಗಳು ಬಿದ್ದಾಗ. ಪೇಟೆ ಖಾಲಿಯಾಯಿತು, ಜನ ಹಳ್ಳಿಗಳಿಗೆ ಓಡಿದರು. ಯುದ್ಧ ಮುಗಿದ ಮೇಲೂ ನೆಲ ಅಗೆದಲ್ಲೆಲ್ಲ ಶಿರಸ್ತ್ರಾಣ, ತೋಟಾ, ನೀರಿನ ಬಾಟಲಿ ಸಿಗುತ್ತಲೇ ಬಂದವು. ಸ್ಥಳೀಯ ಉತ್ಸಾಹಿಗಳು ಬಿಡುವಿನಲ್ಲಿ ಗುಡ್ಡಗಳನ್ನು ಅಲೆದು ಅವನ್ನು ಕಲೆಹಾಕಿದರು.

ಇಂಫಾಲದಲ್ಲೇ ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗ ನೋಡಿಕೊಳ್ಳುವ ಎರಡು ಸೇನಾ ಸ್ಮಶಾನಗಳಿವೆ. ಹಿಂದೂ ಮತ್ತು ಸಿಖ್ ಸೈನಿಕರನ್ನು ದಹನ ಮಾಡಿದ್ದರಿಂದ ಅವರಿಗೆ ಗೋರಿಯಿಲ್ಲ. ದಹನ ಸ್ಮಾರಕದಲ್ಲಿ ಹೆಸರುಗಳಿವೆ. ಕೊಹಿಮಾದಲ್ಲಿ ಅಂಥ ಹೆಸರುಗಳು 917. ನಮ್ಮ ಊರುಗಳ ವೀರಗಲ್ಲಿನಲ್ಲಿ ಸತ್ತವನನ್ನು ಅಪ್ಸರೆಯರು ಮೇಲಕ್ಕೆ ಕರೆದೊಯ್ಯುತ್ತಾರೆ. ಇಲ್ಲಿ ಇರುವುದು ಹೆಸರು, ಹುದ್ದೆ, ರೆಜಿಮೆಂಟು ಮಾತ್ರ. ಕೆಂಪು ಗುಡ್ಡದಿಂದ ದಕ್ಷಿಣಕ್ಕೆ ಲೋಕ್ತಾಕ್ ಸರೋವರದ ಬದಿಯ ಮೊಯಿರಾಂಗ್‌ನಲ್ಲಿ 1944ರ ಏಪ್ರಿಲ್ 14ರಂದು ಜಪಾನೀಯರ ಜೊತೆಗಿದ್ದ ಆಜಾದ್ ಹಿಂದ್ ಫೌಜಿನ ಕರ್ನಲ್ ಶೌಕತ್ ಮಲಿಕ್ ತ್ರಿವರ್ಣ ಧ್ವಜ ಏರಿಸಿದರು. ಅಲ್ಲೊಂದು ಬೇರೆಯೇ ಸಂಗ್ರಹಾಲಯವಿದೆ. ಒಂದೇ ರಸ್ತೆಯ ಎರಡು ಬದಿಯಲ್ಲೂ ಭಾರತೀಯರೇ ಕಾದಾಡಿದ್ದರು. ಎರಡೂ ಸಂಗ್ರಹಾಲಯಗಳನ್ನು ನೋಡದೆ ಬಂದವರು ಅರ್ಧ ಕಥೆ ಕೇಳಿ ಬಂದಂತೆ ಎಂದು ನನ್ನ ಅಭಿಪ್ರಾಯ.

ಹೋಗುವುದು ಈಗ ಸಲೀಸಲ್ಲ. ಹೊರರಾಜ್ಯದವರು ಇನ್ನರ್ ಲೈನ್ ಪರ್ಮಿಟ್ ಪಡೆಯಬೇಕು. 2023ರ ಮೇ ತಿಂಗಳಲ್ಲಿ ಭುಗಿಲೆದ್ದ ಹಿಂಸೆ ಇದೇ ಟಿಡ್ಡಿಂ ರಸ್ತೆಯ ಊರುಗಳನ್ನೂ ಸುಟ್ಟಿದೆ; ಹೊರಡುವ ಮುನ್ನ ಪರಿಸ್ಥಿತಿ ವಿಚಾರಿಸಿಕೊಳ್ಳಿ.

ಮನೆಯಲ್ಲೇ ಕುಳಿತು ಮಾಡಬಹುದಾದ ಕೆಲಸವೂ ಒಂದಿದೆ. ನಿಮ್ಮ ವಂಶದಲ್ಲಿ ಬರ್ಮಾ ರಂಗಕ್ಕೆ ಹೋಗಿ ಮರಳದವರು ಯಾರಾದರೂ ಇದ್ದರೆ, ಹಿರಿಯರಿಂದ ಅವರ ಹೆಸರು, ರೆಜಿಮೆಂಟು ಕೇಳಿ ಬರೆದಿಟ್ಟುಕೊಳ್ಳಿ. ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಜಾಲತಾಣದಲ್ಲಿ ಆ ಹೆಸರನ್ನು ಯಾರು ಬೇಕಾದರೂ ಹುಡುಕಬಹುದು. ಅದಕ್ಕೆ ಶುಲ್ಕವಿಲ್ಲ.