ಬೆಸುಗೆಯಲ್ಲಿ ಬಿರುಕು ಬಿಟ್ಟರೆ ತಪ್ಪು ಯಾರದು?

(ಎಸ್ಟೇಟ್ ಕಾರ್ಮಿಕ ಕುಟುಂಬಗಳ ಕೂಟದಲ್ಲಿ ಆಡಿದ ಮಾತು)



ನಮ್ಮ ಲೈನು ಮನೆಗಳ ಹುಡುಗರು ಐ.ಟಿ.ಐ. ಮುಗಿಸಿ ಗೋವಾದ ವಾಸ್ಕೋ ಕಡೆಗೆ ವೆಲ್ಡಿಂಗ್ ಕೆಲಸ ಹುಡುಕಿ ಹೋಗುತ್ತಾರೆ. ಅಲ್ಲಿನ ಗೋವಾ ಶಿಪ್‌ಯಾರ್ಡ್ 1957ರಲ್ಲಿ, ಪೋರ್ಚುಗೀಸರ ಕಾಲದಲ್ಲಿ, ಆರಂಭವಾಯಿತು. ಈಗ ಅಲ್ಲಿ ಯುದ್ಧನೌಕೆಗಳೇ ತಯಾರಾಗುತ್ತವೆ. ‘ತ್ರಿಪುಟ್’ ಎಂಬ ನೌಕೆ 2024ರ ಜುಲೈ 23ರಂದು ಅಲ್ಲಿ ನೀರಿಗಿಳಿಯಿತು.

ಇಂಥ ಹಡಗುಗಳಿಗೆ ಬಲವಾದ ಉಕ್ಕು ಬೇಕು. ಸಾಧಾರಣ ಹಡಗಿನ ಉಕ್ಕು ಚದರ ಮಿಲಿಮೀಟರಿಗೆ ಸುಮಾರು 24 ಕಿಲೋ ಭಾರ ಎಳೆಯುವ ತನಕ ಜಗ್ಗುವುದಿಲ್ಲ. ಹೈದರಾಬಾದಿನ ರಕ್ಷಣಾ ಲೋಹ ಸಂಶೋಧನಾಲಯ ರೂಪಿಸಿದ ಡಿ.ಎಂ.ಆರ್. 249ಎ ಉಕ್ಕು ಸುಮಾರು 40 ಕಿಲೋ ತಡೆಯುತ್ತದೆ. ಕೊಚ್ಚಿಯಲ್ಲಿ ಕಟ್ಟಿ 2022ರಲ್ಲಿ ನೌಕಾಪಡೆಗೆ ಸೇರಿದ ‘ವಿಕ್ರಾಂತ್’ ಹಡಗಿಗೆ ಬಳಸಿದ್ದು ಇದನ್ನೇ.

ಯಾವ ಊರಿನ ಕೆಲಸವೇ ಆಗಲಿ, ಬೆಸುಗೆಯಲ್ಲಿ ಬಿರುಕು ಕಂಡರೆ ಬೆರಳು ಮೊದಲು ತೋರುವುದು ವೆಲ್ಡರನ ಕಡೆಗೆ. ಕೂಲಿ ಕಡಿಯುವ ಮಾತೂ ಬರುತ್ತದೆ. ಇದು ಯಾವಾಗ ನ್ಯಾಯ, ಯಾವಾಗ ಅನ್ಯಾಯ ಎಂಬುದನ್ನು ನಾವು ತಿಳಿಯಬೇಕು.

ಅಚ್ಚಿಗೆ ಹೊಯ್ದ ಬೆಲ್ಲ ಗಟ್ಟಿಯಾಗುವ ಮುಂಚೆ ಎರಡೂ ಕಡೆ ಎಳೆದರೆ ನಡುವೆ ಬಾಯಿ ಬಿಡುತ್ತದೆ. ಬೆಸುಗೆಯೂ ಹಾಗೆಯೇ. ಉಕ್ಕು ಸುಮಾರು 1500 ಡಿಗ್ರಿಯಲ್ಲಿ ಗಟ್ಟಿಯಾಗುತ್ತದೆ. ಅದರಲ್ಲಿ ಗಂಧಕ ಹೆಚ್ಚಿದ್ದರೆ, ಕಬ್ಬಿಣದೊಡನೆ ಸೇರಿದ ಗಂಧಕದ ತೆಳುಪದರ ಸುಮಾರು 1000 ಡಿಗ್ರಿಯವರೆಗೂ ನೀರಾಗಿಯೇ ಕಣಗಳ ನಡುವೆ ನಿಲ್ಲುತ್ತದೆ. ರಂಜಕವೂ ಇಂಥದೇ ಕೇಡು ಮಾಡುತ್ತದೆ. ಅಷ್ಟರಲ್ಲಿ ಲೋಹ ತಣಿದು ಕುಗ್ಗುತ್ತದೆ. ಬಲವಾದ ಉಕ್ಕು ಸುಲಭವಾಗಿ ಬಾಗಿಕೊಡದು. ಎಳೆತವೆಲ್ಲ ಬೆಸುಗೆಯ ಮೇಲೆ ಬೀಳುತ್ತದೆ. ಆಗ ಬರುವುದೇ ಬಿಸಿ ಬಿರುಕು. ಮ್ಯಾಂಗನೀಸ್ ಗಂಧಕವನ್ನು ಹಿಡಿದಿಡುತ್ತದೆ. ಆದುದರಿಂದಲೇ ಒಳ್ಳೆಯ ಉಕ್ಕಿನಲ್ಲಿ ಅದನ್ನು ಸೇರಿಸಿರುತ್ತಾರೆ.

ಇದನ್ನು ಮೊದಲೇ ಪರೀಕ್ಷಿಸುವ ದಾರಿಗಳಿವೆ. ಸರಳವಾದದ್ದು ‘ಟಿ’ ಪರೀಕ್ಷೆ. ಒಂದು ಪ್ಲೇಟಿನ ಮೇಲೆ ಇನ್ನೊಂದನ್ನು ನೆಟ್ಟಗೆ ನಿಲ್ಲಿಸಿ ಒಂದು ಬದಿಗೆ ಬೆಸುಗೆ ಹಾಕುತ್ತಾರೆ. ಕೂಡಲೇ ಇನ್ನೊಂದು ಬದಿಗೂ ಹಾಕುತ್ತಾರೆ. ಮೊದಲನೆಯದು ಬಿಗಿಯಾಗಿ ಹಿಡಿದಿರುವುದರಿಂದ ಎರಡನೆಯದು ಎಳೆತಕ್ಕೆ ಸಿಕ್ಕುತ್ತದೆ. ಅದು ಬಿರುಕು ಬಿಟ್ಟಿತೇ ಎಂದು ನೋಡುತ್ತಾರೆ.

ಇನ್ನೊಂದನ್ನು ಅಮೆರಿಕದ ಸ್ಯಾವೇಜ್ ಮತ್ತು ಲುಂಡಿನ್ ಎಂಬವರು 1965ರಲ್ಲಿ ಪ್ರಕಟಿಸಿದರು. ಹೆಸರು ವೇರಿಸ್ಟ್ರೇಂಟ್. ಪ್ಲೇಟಿನ ಒಂದು ತುದಿಯನ್ನು ಬಿಗಿದು, ಬೆಸುಗೆ ಸಾಗುತ್ತಿರುವಾಗಲೇ ಇನ್ನೊಂದು ತುದಿಯನ್ನು ಬಾಗಿದ ದಿಮ್ಮಿಯ ಮೇಲೆ ಥಟ್ಟನೆ ಒತ್ತುತ್ತಾರೆ. ಆಮೇಲೆ ಬಿರುಕುಗಳನ್ನು ಎಣಿಸಿ ಉದ್ದ ಅಳೆಯುತ್ತಾರೆ. ಇಲ್ಲಿ ಬೆಸುಗೆ ಹಾಕುವುದು ಸಾಮಾನ್ಯವಾಗಿ ಯಂತ್ರ. ಹಾಗಿದ್ದೂ ಸ್ವಲ್ಪ ಬಾಗುವಿಕೆಗೇ ಬಿರುಕು ತುಂಬಿದರೆ ಅದಕ್ಕೆ ವೆಲ್ಡರನ ಕೈ ಕಾರಣವೆನ್ನಲಾಗದು. ಪ್ಲೇಟನ್ನೂ ರಾಡನ್ನೂ ವಿಚಾರಿಸಬೇಕು.

ಹಾಗೆಂದು ನಮ್ಮ ಹೊಣೆ ತಪ್ಪುವುದಿಲ್ಲ. ಜೋಡಣೆಯಲ್ಲಿ ಎಣ್ಣೆ, ಬಣ್ಣ ಉಳಿಸಬಾರದು. ಬೆಸುಗೆ ಮುಗಿಸುವ ತುದಿಯ ಕುಳಿ ತುಂಬದೆ ರಾಡು ಎತ್ತಬಾರದು. ಅಲ್ಲೇ ನಕ್ಷತ್ರದಂತೆ ಬಿರುಕು ಏಳುತ್ತದೆ. ಬಿರುಕಿನ ಮೇಲೆ ಇನ್ನೊಂದು ಪದರ ಎಳೆದು ಮುಚ್ಚುವುದು ಮಹಾಪಾಪ. ಪೂರ್ತಿ ಗ್ರೈಂಡ್ ಮಾಡಿ, ಕೆಂಪು ಬಣ್ಣದ ದ್ರವ ಹಾಕಿ ನೋಡಿ, ಮತ್ತೆ ಹಾಕಬೇಕು. ಆ ಹಡಗಿನಲ್ಲಿ ಹೋಗುವವರೂ ಯಾವುದೋ ತಾಯಿಯ ಮಕ್ಕಳು.

ಗೋವಾದ ಮಳೆಗಾಲದ ಮಾತು ಬೇರೆ. ತೇವ ಹಿಡಿದ ರಾಡಿನಿಂದ ಹೈಡ್ರೋಜನ್ ಸೇರಿ, ಬೆಸುಗೆ ತಣಿದು ಗಂಟೆಗಳೋ ದಿನವೋ ಕಳೆದ ಮೇಲೆ ಬಿರುಕು ಬರಬಹುದು. ಅದು ತಣ್ಣನೆಯ ಬಿರುಕು. ಓವನ್ನಿನಲ್ಲಿ ಒಣಗಿಸಿದ ರಾಡು ಕೊಡುವುದು ಕೆಲಸ ಕೊಟ್ಟವರ ಕರ್ತವ್ಯ. ಕೇಳಿ ಪಡೆಯುವುದು ನಮ್ಮದು.

ನಷ್ಟದ ಹೆಸರಿನಲ್ಲಿ ಕೂಲಿ ಕಡಿಯುವ ಮುಂಚೆ ಕಾರ್ಮಿಕನಿಗೆ ಕಾರಣ ಹೇಳಲು ಅವಕಾಶ ಕೊಡಬೇಕು. 1936ರ ವೇತನ ಪಾವತಿ ಕಾಯ್ದೆಯಲ್ಲಿ ಇದ್ದ ಈ ನಿಯಮ 2019ರ ವೇತನ ಸಂಹಿತೆಯಲ್ಲೂ ಇದೆ. ಆ ಅವಕಾಶದಲ್ಲಿ ನಮ್ಮ ಹುಡುಗ ಕೇಳಬೇಕಾದದ್ದು ಮೂರು: ಪ್ಲೇಟಿನ ಪರೀಕ್ಷಾ ವರದಿ ಎಲ್ಲಿ? ರಾಡಿನ ವರದಿ ಎಲ್ಲಿ? ಎಷ್ಟು ಕರೆಂಟು, ಎಷ್ಟು ವೇಗ ಎಂದು ಬರೆದ ಕ್ರಮಪತ್ರ ಎಲ್ಲಿ? ಒಬ್ಬನೇ ಕೇಳಿದರೆ ಗದರಿಸಿಯಾರು. ಸಂಘದವರು ಜೊತೆಗೆ ನಿಂತು ಕೇಳಬೇಕು.

ತಾಯಂದಿರೇ, ಭಾನುವಾರ ಮಗನ ಫೋನು ಬಂದಾಗ ಹಣ ಕಳಿಸಿದೆಯಾ ಎಂದಷ್ಟೇ ಕೇಳಬೇಡಿ. ಒಣ ರಾಡು ಕೊಡುತ್ತಾರಾ, ಬಿರುಕು ಕಂಡರೆ ಹೇಳುವ ಧೈರ್ಯ ಇದೆಯಾ ಎಂದೂ ಕೇಳಿ. ಬಡಗಿಯ ಮನೆಯಲ್ಲಿ ಬೆಳೆದ ನಮ್ಮ ಕರ್ತರು ಪ್ರಾಮಾಣಿಕ ಕೆಲಸದ ಬೆಲೆ ಬಲ್ಲವರು. ನಮ್ಮ ಮಕ್ಕಳ ಕೈಗಳನ್ನು ಅವರು ಕಾಯಲಿ. ಆಮೆನ್.