ಹೊಸ ಗಿರಾಕಿಗೆ ಬರೆಯುವ ಮೊದಲ ಪತ್ರ

(ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಮಾಡಿ ನಿವೃತ್ತಿಯಾದ ನನ್ನನ್ನು ಕರೆದು, ಮನೆಯಲ್ಲೇ ಸಣ್ಣ ವ್ಯಾಪಾರ ನಡೆಸುವವರಿಗೆ ಉಪಯೋಗವಾಗುವ ನಾಲ್ಕು ಮಾತು ಆಡಿ ಎಂದಿದ್ದೀರಿ. ಲಾಭ ನಷ್ಟದ ವಿಷಯ ಹೇಳಲು ಈ ಸಭೆಯಲ್ಲಿ ನನಗಿಂತ ಬಲ್ಲವರು ಮುಂದಿನ ಸಾಲಿನಲ್ಲೇ ಕುಳಿತಿದ್ದಾರೆ. ನಾನು ಇಷ್ಟು ವರ್ಷ ಮಕ್ಕಳಿಗೆ ಪತ್ರಲೇಖನ ಕಲಿಸಿದ್ದೇನೆ. ಆದ್ದರಿಂದ ಪತ್ರದ ವಿಷಯವನ್ನೇ ಹೇಳುತ್ತೇನೆ. ಹೊಸದಾಗಿ ಹೆಸರು ಮತ್ತು ಇಮೇಲ್ ಕೊಟ್ಟ ಗಿರಾಕಿಗೆ ನೀವು ಬರೆಯುವ ಮೊದಲ ಪತ್ರ, ಅಷ್ಟೇ ಇವತ್ತಿನ ವಿಷಯ.

ಇಲ್ಲಿರುವ ಹಲವು ಮನೆಗಳಲ್ಲಿ ತಾಯಿ ಉಪ್ಪಿನಕಾಯಿ ಹಾಕುತ್ತಾರೆ, ಮಸಾಲೆ ಪುಡಿ ಮಾಡುತ್ತಾರೆ, ಬಟ್ಟೆ ಹೊಲಿಯುತ್ತಾರೆ. ಮಗಳೋ ಮಗನೋ ಕಾಲೇಜಿಗೆ ಹೋಗುತ್ತಾರೆ, ಮನೆಯ ಸ್ಮಾರ್ಟ್‌ಫೋನ್ ಅವರ ಕೈಯಲ್ಲಿರುತ್ತದೆ. ಯಾವುದೋ ಮೇಳದಲ್ಲಿ ಮೇಜು ಹಾಕಿದಾಗ ಪಕ್ಕದಲ್ಲೊಂದು ನೋಟ್‌ಬುಕ್ ಇಟ್ಟು, ಬಂದವರ ಹೆಸರು, ಇಮೇಲ್ ಬರೆಸಿಕೊಳ್ಳುತ್ತೀರಿ. ಒಳ್ಳೆಯದೇ. ಆದರೆ ಮನೆಗೆ ಬಂದ ಮೇಲೆ ಆ ನೋಟ್‌ಬುಕ್ ಬೀರುವಿನ ಮೇಲೆ ಹೋಗಿ ಕೂರುತ್ತದೆ. ಮೂರು ತಿಂಗಳ ನಂತರ ಹಬ್ಬ ಹತ್ತಿರವಾದಾಗ ಅದು ಕೆಳಗಿಳಿಯುತ್ತದೆ, ಎಲ್ಲರಿಗೂ ಒಟ್ಟಿಗೆ "ಶೇಕಡಾ 20 ರಿಯಾಯಿತಿ, ಇಂದೇ ಕೊಳ್ಳಿರಿ" ಎಂದು ಹೋಗುತ್ತದೆ. ಪಡೆದವರಿಗೆ ನೀವು ಯಾರೆಂದೇ ನೆನಪಿರುವುದಿಲ್ಲ. ಅವರು ಸ್ಪ್ಯಾಮ್ ಎಂಬ ಗುಂಡಿ ಒತ್ತುತ್ತಾರೆ. ಹಾಗೆ ಒತ್ತುವವರು ಹೆಚ್ಚಾದರೆ ಇಮೇಲ್ ಸೇವೆಯ ಯಂತ್ರ ನಿಮ್ಮ ವಿಳಾಸವನ್ನೇ ಅನುಮಾನಿಸತೊಡಗುತ್ತದೆ. ಆಮೇಲೆ ನಿಮ್ಮ ಪತ್ರ ಬೇಕೆಂದು ಕಾಯುವವರಿಗೂ ಅದು ಕಸದ ಬುಟ್ಟಿಗೇ ಹೋಗಿ ಬೀಳುತ್ತದೆ. ತಾಯಿ ಒಲೆಯ ಮುಂದೆ ಪಟ್ಟ ಶ್ರಮಕ್ಕೆ ಸಿಗಬೇಕಾದ ಗಿರಾಕಿಗಳು ಹೀಗೆ ಕೈ ತಪ್ಪುತ್ತಾರೆ.

ಹಾಗಾಗಿ ಮೊದಲ ಪತ್ರ ಅದೇ ದಿನ ಹೋಗಬೇಕು. ತಪ್ಪಿದರೆ ಮರುದಿನ. ಅವರ ನಾಲಿಗೆಯ ಮೇಲೆ ನಿಮ್ಮ ಉಪ್ಪಿನಕಾಯಿಯ ಹುಳಿ ಇರುವಾಗಲೇ ಹೋಗಬೇಕು. ಸಂಜೆ ಮೇಜು ಎತ್ತಿದ ಮೇಲೆ ಒಂದು ಗಂಟೆಯ ಕೆಲಸ.

ಪತ್ರ ತೆರೆಯುವ ಮೊದಲು ಓದುಗರಿಗೆ ಕಾಣುವುದು ಎರಡೇ: ಯಾರು ಬರೆದರು, ಯಾವ ವಿಷಯ. ಹಿಂದಿನ ಇನ್‌ಲ್ಯಾಂಡ್ ಪತ್ರದ ಹಿಂಬದಿಯಲ್ಲಿ 'ಇಂದ' ಎಂದು ಬರೆಯುತ್ತಿದ್ದೆವಲ್ಲ, ಅದೇ ಲೆಕ್ಕ. ಮಗನ ಆಟದ ಹೆಸರು, ಅಂಕಿ ಸೇರಿಸಿ ಮಾಡಿದ ವಿಚಿತ್ರ ವಿಳಾಸದಿಂದ ಪತ್ರ ಹೋದರೆ ಯಾರು ತೆರೆಯುತ್ತಾರೆ? ವ್ಯಾಪಾರಕ್ಕೆಂದೇ ಒಂದು ವಿಳಾಸ ಮಾಡಿ. ಕಳುಹಿಸುವವರ ಹೆಸರಿನ ಜಾಗದಲ್ಲಿ ನಿಮ್ಮ ಪೊಟ್ಟಣದ ಚೀಟಿಯ ಮೇಲೆ ಏನಿದೆಯೋ ಅದೇ ಹೆಸರು ಇರಲಿ. ವಿಷಯದ ಸಾಲು ಫೋನಿನಲ್ಲಿ ಪೂರ್ತಿ ಕಾಣುವುದಿಲ್ಲ, ಮೊದಲ ನಾಲ್ಕೈದು ಪದ ಮಾತ್ರ ಕಾಣುತ್ತದೆ. "ಸ್ವಾಗತ, ಸುಸ್ವಾಗತ, ಹಾರ್ದಿಕ ಸ್ವಾಗತ" ಎನ್ನುವಷ್ಟರಲ್ಲಿ ಜಾಗ ಮುಗಿಯಿತು. "ನಿಂಬೆ ಉಪ್ಪಿನಕಾಯಿ, ಭಾನುವಾರದ ಮೇಳ" ಎಂದು ಬರೆದರೆ ಅವರಿಗೆ ಮೇಜೂ ನೆನಪಾಗುತ್ತದೆ, ನೀವೂ ನೆನಪಾಗುತ್ತೀರಿ.

ಇನ್ನು ಒಳಗಿನ ಮಾತು. ಈಗ ಮಕ್ಕಳು ಇಂಗ್ಲಿಷಿನ ಮಾದರಿ ಪತ್ರವನ್ನು ಯಂತ್ರಕ್ಕೆ ಕೊಟ್ಟು ಕನ್ನಡ ಮಾಡಿಸುತ್ತಾರೆ. "ನೀವು ನಮ್ಮ ಕುಟುಂಬದ ಭಾಗವಾಗಿರುವುದಕ್ಕೆ ನಾವು ರೋಮಾಂಚನಗೊಂಡಿದ್ದೇವೆ" ಎಂದು ಬರುತ್ತದೆ. ನೂರು ಗ್ರಾಂ ಉಪ್ಪಿನಕಾಯಿ ಕೊಂಡವರನ್ನು ಕಂಡು ಯಾರಿಗಾದರೂ ರೋಮಾಂಚನವಾಗುತ್ತದೆಯೇ? ಓದಿದವರು ನಕ್ಕು ಅಳಿಸುತ್ತಾರೆ. ನಿಮ್ಮ ತಾಯಿ ಬಾಗಿಲಿಗೆ ಬಂದವರೊಡನೆ ಹೇಗೆ ಮಾತಾಡುತ್ತಾರೋ ಹಾಗೆ ಬರೆಯಿರಿ. ಒಂದು ಮಾದರಿ ಓದುತ್ತೇನೆ:

"ನಮಸ್ಕಾರ. ಭಾನುವಾರ ಮೇಳದಲ್ಲಿ ನಮ್ಮ ನಿಂಬೆ ಉಪ್ಪಿನಕಾಯಿ ರುಚಿ ನೋಡಿ, ಒಂದು ಬಾಟಲಿ ಕೊಂಡು, ನೋಟ್‌ಬುಕ್ಕಿನಲ್ಲಿ ಇಮೇಲ್ ಬರೆದಿದ್ದಿರಿ. ಅದಕ್ಕೇ ಈ ಪತ್ರ.

ಉಪ್ಪಿನಕಾಯಿ ಹಾಕುವುದು ನಮ್ಮ ತಾಯಿ. ಲೆಕ್ಕ, ಪತ್ರ ನನ್ನ ಕೆಲಸ. ವಾರಕ್ಕೆ ಇಪ್ಪತ್ತು ಬಾಟಲಿಗಿಂತ ಹೆಚ್ಚು ನಮ್ಮಿಂದ ಆಗುವುದಿಲ್ಲ.

ನೀವು ಒಯ್ದ ಬಾಟಲಿಗೆ ಒಣ ಚಮಚವನ್ನೇ ಹಾಕಿ. ನೀರಿನ ಹನಿ ಬಿದ್ದರೆ ಬೂಷ್ಟು ಹಿಡಿಯುತ್ತದೆ. ಸಿಪ್ಪೆ ಗಟ್ಟಿ ಎನಿಸಿದರೆ ಇನ್ನೊಂದೆರಡು ವಾರ ಬಿಡಿ, ಮೆತ್ತಗಾಗುತ್ತದೆ.

ಹೊಸದಾಗಿ ಏನು ಹಾಕಿದ್ದೇವೆ ಎಂದು ತಿಂಗಳಿಗೊಂದು ಪತ್ರ ಬರೆಯುತ್ತೇವೆ, ಅದಕ್ಕಿಂತ ಹೆಚ್ಚಿಲ್ಲ. ಬೇಡವಾದರೆ 'ಬೇಡ' ಎಂದು ಉತ್ತರಿಸಿ, ನಿಮ್ಮ ಹೆಸರು ತೆಗೆಯುತ್ತೇವೆ.

ನಿಮ್ಮ ಮನೆಯಲ್ಲಿ ಖಾರ ಹೆಚ್ಚು ಬೇಕೋ ಕಡಿಮೆಯೋ? ಒಂದು ಸಾಲು ಬರೆದರೆ ಅಮ್ಮನಿಗೆ ಓದಿ ಹೇಳುತ್ತೇನೆ."

ಇಷ್ಟೇ. ಇದರಲ್ಲಿ ರಿಯಾಯಿತಿ ಇಲ್ಲ, ಕೊಳ್ಳಿರಿ ಎಂಬ ಮಾತೂ ಇಲ್ಲ. ಅವರು ಈಗಾಗಲೇ ಕೊಂಡಿದ್ದಾರೆ, ಕೊಂಡದ್ದು ಕೆಡದಂತೆ ಇಡುವುದು ಹೇಗೆಂದು ಹೇಳಿದ್ದೀರಿ. ಮುಂದಿನ ಬಾಟಲಿಯ ಮಾತು ಮುಂದಿನ ತಿಂಗಳು. ಹೊಲಿಗೆಯವರಾದರೆ ಬಟ್ಟೆ ಮೊದಲ ಸಲ ಒಗೆಯುವುದು ಹೇಗೆ ಎಂದು ಬರೆಯಿರಿ, ಮಸಾಲೆಯವರಾದರೆ ಅರ್ಧ ಕಿಲೋ ಮಾಂಸಕ್ಕೆ ಎಷ್ಟು ಚಮಚ ಹಾಕಬೇಕು ಎಂದು ಬರೆಯಿರಿ. ಇಪ್ಪತ್ತೇ ಬಾಟಲಿ ಎಂದು ಹೇಳಿಕೊಂಡದ್ದು ಕೆಲವರಿಗೆ ಬಡತನದ ಮಾತಾಗಿ ಕೇಳಿಸಬಹುದು. ನನಗೆ ಹಾಗನಿಸುವುದಿಲ್ಲ. ನಾಳೆ ಯಾರಾದರೂ ಇನ್ನೂರು ಬಾಟಲಿ ಕೇಳಿದಾಗ ಆಗುವುದಿಲ್ಲ ಎನ್ನಲು ನಿಮಗೆ ಸಂಕೋಚವಾಗುವುದಿಲ್ಲ. ತಿಂಗಳಿಗೊಂದು ಎಂದ ಮೇಲೆ ತಿಂಗಳಿಗೊಂದೇ ಬರೆಯಬೇಕು, ಅದು ಮಾತು.

ಪತ್ರದ ತಲೆಯ ಮೇಲಿನ ಸಂಬೋಧನೆಯ ಬಗ್ಗೆ ಮೇಷ್ಟರ ಹಳೆಯ ಚಾಳಿಯಿಂದ ಒಂದಿಷ್ಟು ಹೆಚ್ಚೇ ಹೇಳುತ್ತೇನೆ, ಸಹಿಸಿಕೊಳ್ಳಿ. ಮನೆಯಲ್ಲಿ ನಾವು ಸಲಾಂ ಹೇಳುವವರು. ಆದರೆ ನೋಟ್‌ಬುಕ್ಕಿನಲ್ಲಿ ಎಲ್ಲ ಬಗೆಯ ಹೆಸರುಗಳಿರುತ್ತವೆ, ಎಲ್ಲರಿಗೂ ಒಪ್ಪುವುದು ನಮಸ್ಕಾರ. ಗೊತ್ತಿರುವವರಿಗೆ ಅವರವರಿಗೆ ಹೊಂದುವಂತೆ ಬರೆದರೆ ಇನ್ನೂ ಚೆನ್ನ. ಇಂಗ್ಲಿಷಿನವರ ಹಾಗೆ ಬರೀ ಹೆಸರು ಹಿಡಿದು ಕರೆಯಬೇಡಿ. ಅರವತ್ತು ವರ್ಷದ ಹೆಂಗಸಿಗೆ ಹದಿನೆಂಟರ ಹುಡುಗ "ಪ್ರಿಯ ಸಾವಿತ್ರಿ" ಎಂದು ಬರೆದರೆ ಹೇಗಿರುತ್ತದೆ? 'ಅವರೇ' ಎಂಬ ಮೂರಕ್ಷರ ಗಂಡಿಗೂ ಹೆಣ್ಣಿಗೂ ಹಿರಿಯರಿಗೂ ಕಿರಿಯರಿಗೂ ಸಲ್ಲುತ್ತದೆ. ಹೆಸರನ್ನು ತಾನೇ ತುಂಬುವ ತಂತ್ರಾಂಶ ಬಳಸುವವರು ಮೊದಲು ನಿಮಗೇ ಒಂದು ಪತ್ರ ಕಳಿಸಿಕೊಂಡು ನೋಡಿ. ಹೆಸರು ಬರಬೇಕಾದ ಜಾಗದಲ್ಲಿ ಖಾಲಿ ಆವರಣ ಚಿಹ್ನೆ ಮಾತ್ರ ಇರುವ ಪತ್ರಗಳು ನನಗೇ ಎಷ್ಟೋ ಬಂದಿವೆ.

ಬಣ್ಣದ ಪೋಸ್ಟರ್ ಒಂದನ್ನೇ ಪತ್ರವಾಗಿ ಕಳಿಸುವ ಅಭ್ಯಾಸ ಬೇಡ. ಚಿತ್ರ ಕೆಲವು ಫೋನಿನಲ್ಲಿ ತೆರೆಯುವುದೇ ಇಲ್ಲ. ಕಣ್ಣು ಕಾಣದವರಿಗೆ ಫೋನೇ ಓದಿ ಹೇಳುತ್ತದೆ, ಅದು ಚಿತ್ರದೊಳಗಿನ ಅಕ್ಷರಗಳಲ್ಲಿ ಎಡವುತ್ತದೆ.

ಈಗ ನನಗೆ ಮುಖ್ಯವೆನಿಸುವ ವಿಷಯಕ್ಕೆ ಬರುತ್ತೇನೆ. ಒಂದು ಅಂಗಡಿ, ಹೆಸರು ಬೇಡ, ತನ್ನ ನೂರಾರು ಗಿರಾಕಿಗಳಿಗೆ ಒಂದೇ ಸ್ವಾಗತ ಪತ್ರ ಕಳಿಸಿತು. ಎಲ್ಲರ ವಿಳಾಸವೂ 'ಗೆ' ಎಂಬ ಸಾಲಿನಲ್ಲಿ ಬಿಚ್ಚಿಟ್ಟಂತೆ ಇತ್ತು. ನನ್ನ ವಿಳಾಸ ಎಲ್ಲರಿಗೂ ಕಂಡಿತು, ಎಲ್ಲರದೂ ನನಗೆ ಕಂಡಿತು. ಅದರಲ್ಲಿ ಎಷ್ಟೋ ಹೆಣ್ಣುಮಕ್ಕಳ ಪೂರ್ಣ ಹೆಸರುಗಳಿದ್ದವು. ನಿಮ್ಮನ್ನು ನಂಬಿ ನೋಟ್‌ಬುಕ್ಕಿನಲ್ಲಿ ಬರೆದ ಹುಡುಗಿಗೆ ಆಮೇಲೆ ಗುರುತಿಲ್ಲದವರಿಂದ ಸಂದೇಶ ಬರತೊಡಗಿದರೆ ಹೊಣೆ ಯಾರದು? ಒಟ್ಟಿಗೆ ಕಳಿಸುವಾಗ ವಿಳಾಸಗಳನ್ನು ಬಿಸಿಸಿ ಎಂಬ ಸಾಲಿನಲ್ಲಿ ಹಾಕಿ, ಆಗ ಒಬ್ಬರದು ಇನ್ನೊಬ್ಬರಿಗೆ ಕಾಣುವುದಿಲ್ಲ. ಸಾಧಾರಣ ಜಿಮೇಲ್ ಖಾತೆಯಿಂದ ದಿನಕ್ಕೆ 500 ಜನರಿಗೆ ಕಳಿಸಬಹುದು, ಮನೆಯ ವ್ಯಾಪಾರಕ್ಕೆ ಅದು ಧಾರಾಳ. ಆ ನೋಟ್‌ಬುಕ್ಕನ್ನೂ ಮೇಜಿನ ಮೇಲೆ ತೆರೆದಿಡಬೇಡಿ. ಹಿಂದೆ ನಿಂತವರು ಫೋಟೋ ತೆಗೆಯಲು ಎರಡು ಸೆಕೆಂಡು ಸಾಕು. ಪಕ್ಕದ ಮೇಜಿನವರು ಪಟ್ಟಿ ಕೇಳಿದರೆ, ಎಷ್ಟೇ ಸ್ನೇಹವಿರಲಿ, ಕೊಡಬೇಡಿ.

ಸಂಸತ್ತು 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯನ್ನು ಅಂಗೀಕರಿಸಿದೆ. ಒಪ್ಪಿಗೆ ಕೊಡುವುದು ಎಷ್ಟು ಸುಲಭವೋ ಅದನ್ನು ಹಿಂತೆಗೆದುಕೊಳ್ಳುವುದೂ ಅಷ್ಟೇ ಸುಲಭವಿರಬೇಕು ಎಂದು ಅದರಲ್ಲಿದೆ. ಒಪ್ಪಿಗೆ ಕೇಳುವ ಸೂಚನೆಯನ್ನು ಸಂವಿಧಾನದ 8ನೇ ಅನುಸೂಚಿಯ ಭಾಷೆಗಳಲ್ಲಿ ಓದುವ ಅವಕಾಶ ಜನರಿಗೆ ಇರಬೇಕೆಂದೂ ಇದೆ, ಅದರಲ್ಲಿ ಕನ್ನಡವೂ ಉರ್ದುವೂ ಸೇರಿವೆ. ಜಿಮೇಲ್‌ಗೆ ದಿನಕ್ಕೆ 5000ಕ್ಕಿಂತ ಹೆಚ್ಚು ಪತ್ರ ಕಳಿಸುವ ದೊಡ್ಡವರು ಜಾಹೀರಾತು ಪತ್ರಗಳಲ್ಲಿ ಒಂದೇ ಒತ್ತಿಗೆ ಬಿಡುಗಡೆಯ ದಾರಿ ಕೊಡಬೇಕೆಂದು ಗೂಗಲ್ 2024ರಿಂದ ನಿಯಮ ಮಾಡಿದೆ. ನಿಮ್ಮ ಮಟ್ಟಕ್ಕೆ 'ಬೇಡ' ಎಂದು ಬರೆಯಿರಿ ಎಂಬ ಒಂದು ಸಾಲು ಸಾಕು. ಬರೆದವರ ಹೆಸರನ್ನು ಅದೇ ದಿನ ಅಳಿಸಬೇಕು. ಯಾಕೆ ಬೇಡ ಎಂದು ಕೇಳಬಾರದು.

ತಿನ್ನುವ ಪದಾರ್ಥ ಮಾರುವವರು ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಮಾಡಿಸಿ. ಅದರ 14 ಅಂಕಿಯ ಸಂಖ್ಯೆ ಚೀಟಿಯ ಮೇಲಿರಲೇಬೇಕು, ಪತ್ರದ ಕೊನೆಗೂ ಹಾಕಿ. ಮನೆಯ ವಿಳಾಸವನ್ನೂ ತಾಯಿಯ ಸ್ವಂತ ಫೋನ್ ನಂಬರನ್ನೂ ಪತ್ರದಲ್ಲಿ ಹಾಕಬೇಡಿ, ವ್ಯಾಪಾರಕ್ಕೆ ಬೇರೆ ನಂಬರ್ ಇರಲಿ. ಮೊದಲ ಪತ್ರದಲ್ಲಿ ಲಿಂಕೂ ಬೇಡ. ವಂಚನೆಯ ಸುದ್ದಿ ದಿನವೂ ಓದುವ ಜನ, ಗುರುತಿಲ್ಲದವರ ಲಿಂಕ್ ಒತ್ತದಿರುವುದೇ ಸರಿ.

ಪ್ರಶ್ನೆ ಕೇಳಿ ಮುಗಿಸಿದ ಪತ್ರಕ್ಕೆ ಉತ್ತರ ಬರುತ್ತದೆ. ಹತ್ತರಲ್ಲಿ ಒಂದು ಬಂದರೂ ಓದಿ, ಎರಡು ದಿನದೊಳಗೆ ಮರುಪತ್ರ ಹಾಕಿ. ಉತ್ತರಗಳ ನಡುವೆ ಕಳ್ಳರೂ ಬರುತ್ತಾರೆ. "ನೂರು ಬಾಟಲಿ ಬೇಕು, ಮುಂಗಡ ಕಳಿಸುತ್ತೇವೆ, ಈ ಕ್ಯುಆರ್ ಕೋಡ್ ಸ್ಕ್ಯಾನ್ ಮಾಡಿ" ಎನ್ನುತ್ತಾರೆ. ತಾಯಂದಿರೇ, ಇದೊಂದನ್ನು ಗಟ್ಟಿಯಾಗಿ ನೆನಪಿಡಿ: ಯುಪಿಐನಲ್ಲಿ ಹಣ ಪಡೆಯಲು ಪಿನ್ ಒತ್ತಬೇಕಾಗಿಲ್ಲ. ಪಿನ್ ಕೇಳಿತೆಂದರೆ ಹಣ ನಿಮ್ಮ ಖಾತೆಯಿಂದ ಹೋಗುತ್ತಿದೆ ಎಂದರ್ಥ. ಮೋಸವಾಗಿಯೇ ಬಿಟ್ಟರೆ ಅಳುತ್ತಾ ಕೂರದೆ ತಕ್ಷಣ 1930ಕ್ಕೆ ಕರೆ ಮಾಡಿ. ತಡವಾದಷ್ಟೂ ಹಣ ಹಿಡಿಯುವುದು ಕಷ್ಟ.

ಮಕ್ಕಳಿಗೊಂದು ಮಾತು. ಪತ್ರ ಬರೆಯುವವರು ನೀವೇ ಆದರೂ ಕಳಿಸುವ ಮೊದಲು ತಾಯಿಗೆ ಗಟ್ಟಿಯಾಗಿ ಓದಿ ಹೇಳಿ. "ನಾನು ಹೀಗೆಲ್ಲ ಮಾತಾಡುವುದಿಲ್ಲ" ಎಂದು ಅವರು ಎಲ್ಲಿ ತಡೆಯುತ್ತಾರೋ ಅಲ್ಲಿ ತಿದ್ದಿ. ಖಾತೆಯ ಪಾಸ್‌ವರ್ಡ್ ನಿಮ್ಮೊಬ್ಬರ ತಲೆಯಲ್ಲಿ ಮಾತ್ರ ಇರದಿರಲಿ. ಪರೀಕ್ಷೆಯ ತಿಂಗಳಲ್ಲಿ ಉತ್ತರ ಯಾರು ನೋಡುತ್ತಾರೆಂದು ಈಗಲೇ ಮನೆಯಲ್ಲಿ ಗೊತ್ತು ಮಾಡಿಕೊಳ್ಳಿ. ತಂಗಿಯೋ ತಮ್ಮನೋ ಇದ್ದರೆ ಕಲಿಸಿಡಿ.

ಸಭೆ ಮುಗಿದ ಮೇಲೆ ಅರ್ಧ ಗಂಟೆ ಇಲ್ಲೇ ಇರುತ್ತೇನೆ. ಯಾರಾದರೂ ಮೊದಲ ಪತ್ರ ಬರೆದು ತಂದಿದ್ದರೆ ತೋರಿಸಿ, ಕೆಂಪು ಪೆನ್ನು ತಂದಿದ್ದೇನೆ.