ವರದೆಯ ಜಾಡಿನಲ್ಲಿ ಸೈಕಲ್ ಪಯಣ: ತಂಗುವ ಮನೆಯಿಂದ ಆರಂಭವಾಗಬೇಕಾದ ಯೋಜನೆ

(ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ಮಂಡಿಸಲಾದ ಉಪನ್ಯಾಸದ ಪಠ್ಯ)



ಮಲೆನಾಡಿಗೆ ಪ್ರವಾಸಿಗರ ಕೊರತೆಯಿಲ್ಲ. ಮಳೆಗಾಲದ ವಾರಾಂತ್ಯದಲ್ಲಿ ಜೋಗದ ರಸ್ತೆಯನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬೆಳಿಗ್ಗೆ ಬಂದ ವಾಹನ ಸಂಜೆಗೆ ಮರಳುತ್ತದೆ. ಬಂದವರು ಜಲಪಾತವನ್ನು ಕಣ್ತುಂಬಿಕೊಳ್ಳುತ್ತಾರೆ; ಆ ನೀರನ್ನು ಹಿಡಿದಿಟ್ಟುಕೊಂಡ ಕಾನು, ಕೆರೆ, ಊರುಗಳ ಪರಿಚಯ ಅವರಿಗೆ ಆಗುವುದೇ ಇಲ್ಲ. ದಾರಿಬದಿಯ ಊರಿಗೆ ಧೂಳು, ಸದ್ದು ಮತ್ತು ಖಾಲಿ ಬಾಟಲಿಗಳು ಉಳಿಯುತ್ತವೆ. ಇಂಥ ಪ್ರವಾಸವನ್ನು ದೂರುವುದು ಸುಲಭ. ಅದರ ಬದಲಿಗೆ ಎಂಥ ಪ್ರವಾಸ ಬೇಕೆಂಬುದನ್ನು ಈ ನಾಡಿನ ಜನರೇ ಯೋಚಿಸಿ ರೂಪಿಸದಿದ್ದರೆ, ಹೊರಗಿನ ಬಂಡವಾಳ ತನಗೆ ಬೇಕಾದಂತೆ ರೂಪಿಸಿಕೊಳ್ಳುತ್ತದೆ. ಆದ್ದರಿಂದ ಇಲ್ಲಿ ಒಂದು ಸಣ್ಣ ಯೋಜನೆಯನ್ನು ವಿಚಾರಕ್ಕೆ ಇಡಲಾಗಿದೆ: ವರದಾ ನದಿಯ ಜಾಡಿನಲ್ಲಿ ನಾಲ್ಕು ಹಗಲು, ಮೂರು ರಾತ್ರಿಗಳ ಸಾವಧಾನದ ಸೈಕಲ್ ಪ್ರವಾಸ.

ಪ್ರವಾಸವನ್ನು ಯೋಜಿಸುವವರು ಸಾಮಾನ್ಯವಾಗಿ ಮೊದಲು ನಕ್ಷೆಯನ್ನು ಬಿಡಿಸಿ ದಾರಿಯನ್ನು ಗುರುತಿಸುತ್ತಾರೆ. ರಾತ್ರಿ ಎಲ್ಲಿ ಉಳಿಯುವುದೆಂಬುದು ಕೊನೆಯಲ್ಲಿ ನೆನಪಾಗುತ್ತದೆ. ಸೈಕಲ್ ಪ್ರವಾಸದಲ್ಲಿ ಈ ಕ್ರಮ ತಲೆಕೆಳಗಾಗಬೇಕು. ಯಾವ ಮನೆ ಎಷ್ಟು ಜನರಿಗೆ ಊಟ, ನೀರು, ಹಾಸಿಗೆ ಒದಗಿಸಬಲ್ಲದು ಎಂಬುದು ಮೊದಲು ನಿಶ್ಚಯವಾಗಬೇಕು. ತಂಡದ ಗಾತ್ರ, ದಿನದ ದೂರ, ಹೊರಡುವ ಹೊತ್ತು ಎಲ್ಲವೂ ಅದನ್ನು ಅನುಸರಿಸಿ ಬರಬೇಕು. ಸವಾರರ ಕಾಲಿಗೆ ಮಾತ್ರ ಹಗುರವಾಗಿ, ಉಳಿಸಿಕೊಂಡ ಮನೆಗೆ ಭಾರವಾದ ಪ್ರವಾಸವನ್ನು ಸಾವಧಾನದ ಪ್ರವಾಸವೆನ್ನಲಾಗದು.

ದಾರಿ

ಸಾಗರ ತಾಲ್ಲೂಕಿನ ನೆಲ ಎರಡು ಸಮುದ್ರಗಳಿಗೆ ನೀರು ಹಂಚುವ ನೆಲ. ಶರಾವತಿ ಪಶ್ಚಿಮಕ್ಕೆ ಹರಿದು, ಜೋಗದಲ್ಲಿ 253 ಮೀಟರ್ ಧುಮುಕಿ, ಹೊನ್ನಾವರದ ಬಳಿ ಅರಬ್ಬಿ ಸಮುದ್ರ ಸೇರುತ್ತದೆ. ಸಾಗರ ಪಟ್ಟಣದಿಂದ ಕೆಲವೇ ಕಿ.ಮೀ. ದೂರದ ವರದಾಮೂಲದಲ್ಲಿ ಹುಟ್ಟುವ ವರದೆ ಅದೇ ಸಮುದ್ರದ ಇಷ್ಟು ಸಮೀಪವಿದ್ದೂ ಬೆನ್ನು ತಿರುಗಿಸಿ ಒಳನಾಡಿಗೆ ಹರಿಯುತ್ತದೆ. ಸೊರಬ, ಬನವಾಸಿಗಳನ್ನು ಹಾಯ್ದು ಹಾವೇರಿ ಜಿಲ್ಲೆಯ ಗಳಗನಾಥದ ಬಳಿ ತುಂಗಭದ್ರೆಯನ್ನು ಸೇರಿ, ಕೃಷ್ಣೆಯೊಂದಿಗೆ ಬಂಗಾಳಕೊಲ್ಲಿಗೆ ಹೋಗುತ್ತದೆ.

ಸೈಕಲ್ ಸವಾರನಿಗೆ ಈ ಭೂಗೋಳ ಬಹು ಮುಖ್ಯ. ಪಶ್ಚಿಮಕ್ಕೆ ಹೋದರೆ ಘಟ್ಟ ಇಳಿಯಬೇಕು, ಇಳಿದವರು ಹತ್ತಲೇಬೇಕು. ವರದೆಯ ಜಾಡಿನಲ್ಲಿ ಅಂಥ ಘಟ್ಟವಿಲ್ಲ. ಸಣ್ಣ ಏರು, ಸಣ್ಣ ಇಳಿಜಾರು, ನಡುವೆ ಗದ್ದೆ ಬಯಲು, ಕೆರೆ ಏರಿ, ಅಡಿಕೆ ತೋಟ, ಅಲ್ಲಲ್ಲಿ ಕಾನು. ನದಿಯೇ ನಿಧಾನವಾಗಿ ಹರಿಯುವ ನೆಲವಿದು. ಮಳೆಗಾಲದಲ್ಲಿ ಬನವಾಸಿಯ ಸುತ್ತಿನ ಗದ್ದೆಗಳ ಮೇಲೆ ವರದೆ ಹರಡಿ ನಿಲ್ಲುವುದಕ್ಕೆ ಈ ಸಮತಟ್ಟೂ ಒಂದು ಕಾರಣ.

ಮೊದಲ ದಿನ ಸಾಗರದಿಂದ ಹೊರಟು ಇಕ್ಕೇರಿಯ ಅಘೋರೇಶ್ವರ ದೇವಾಲಯ ಮತ್ತು ವರದಾಮೂಲವನ್ನು ನೋಡಿ, ಮಧ್ಯಾಹ್ನದೊಳಗೆ ಕೆಳದಿಯನ್ನು ತಲುಪಬಹುದು. ಎಲ್ಲ ಸೇರಿ ಸುಮಾರು 25 ಕಿ.ಮೀ. ಕೆಳದಿಯ ರಾಮೇಶ್ವರ ದೇವಾಲಯ ಮತ್ತು ವಸ್ತುಸಂಗ್ರಹಾಲಯಕ್ಕೆ ಉಳಿದ ಹೊತ್ತು ಸಾಲುತ್ತದೆ. ಎರಡನೆಯ ದಿನ ಉಳವಿಯ ಮಾರ್ಗವಾಗಿ ಸೊರಬದ ಕಡೆಗೆ ಮತ್ತೆ ಅಷ್ಟೇ ದೂರ. ಮೂರನೆಯ ದಿನ ಸೊರಬದಿಂದ ಸುಮಾರು 16 ಕಿ.ಮೀ. ದೂರದ ಗುಡವಿ ಪಕ್ಷಿಧಾಮವನ್ನು ನೋಡಿ ಬನವಾಸಿಗೆ. ನಾಲ್ಕನೆಯ ದಿನ ಶಿರಸಿಗೆ ಇಪ್ಪತ್ತಮೂರು ಕಿ.ಮೀ.ಯಷ್ಟು ದಾರಿ. ಒಟ್ಟಿನಲ್ಲಿ ನೂರು ಕಿ.ಮೀ.ಯ ಆಸುಪಾಸು. ಕಾರಿನಲ್ಲಿ ಒಂದು ಬೆಳಗಿನಲ್ಲಿ ಮುಗಿದುಹೋಗುವ ಈ ದಾರಿಗೆ ನಾಲ್ಕು ದಿನಗಳನ್ನು ಕೊಡುವುದರಲ್ಲೇ ಈ ಪ್ರವಾಸದ ಸಾರವಿದೆ.

ಅನುಭವವಿಲ್ಲದ ಸವಾರನೂ ಇಂಥ ನೆಲದಲ್ಲಿ ಗಂಟೆಗೆ 10 ಕಿ.ಮೀ. ಸಾಗಬಲ್ಲ. ಹಾಗಾದರೆ 25 ಕಿ.ಮೀ.ಗೆ ಪೆಡಲು ತುಳಿಯುವ ಸಮಯ ಎರಡೂವರೆ ಗಂಟೆ. ಬೆಳಿಗ್ಗೆ 7ಕ್ಕೆ ಹೊರಟವರಿಗೆ ನೋಡಲು, ಕೇಳಲು, ಕೆರೆ ಏರಿಯ ಮೇಲೆ ಕೂರಲು ಇಡೀ ಹಗಲು ಉಳಿಯುತ್ತದೆ. ತಂಡದ ವೇಗವನ್ನು ಅತಿ ನಿಧಾನದ ಸವಾರನೇ ನಿರ್ಧರಿಸಬೇಕು. ಏರಿನಲ್ಲಿ ಇಳಿದು ಸೈಕಲ್ ದೂಡಿಕೊಂಡು ಹೋಗುವುದರಲ್ಲಿ ಅವಮಾನವೇನಿಲ್ಲ.

ನಕ್ಷೆಯ ದೂರವನ್ನು ಮಾತ್ರ ನಂಬಿ ಹೊರಡಬಾರದು. ಹೊನ್ನಾವರ–ಶಿವಮೊಗ್ಗ ಹೆದ್ದಾರಿಯನ್ನು ಎಲ್ಲಿ ದಾಟಬೇಕು, ಯಾವ ಮೋರಿ ಕುಸಿದಿದೆ, ಕುಡಿಯುವ ನೀರು ಎಲ್ಲಿ ಸಿಗುತ್ತದೆ ಎಂಬುದನ್ನು ಇಬ್ಬರು ಮೊದಲೇ ಸೈಕಲ್ಲಿನಲ್ಲಿ ಹೋಗಿ ನೋಡಿಬರಬೇಕು. ಮೋಟಾರುಬೈಕಿನಲ್ಲಿ ಹೋದವರಿಗೆ ಏರುಗಳು ಗೊತ್ತಾಗುವುದಿಲ್ಲ.

ಕಾಲ

ಯಾವ ತಿಂಗಳಲ್ಲಿ ಹೊರಡಬೇಕೆಂಬ ಪ್ರಶ್ನೆಗೆ ಹವಾಮಾನವೊಂದೇ ಉತ್ತರ ಹೇಳಲಾರದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ. ನವೆಂಬರ್‌ನಿಂದ ಅಡಿಕೆಯ ಕೊನೆಕೊಯ್ಲು ಬಿರುಸಾಗುತ್ತದೆ. ರಾತ್ರಿ ಬಹಳ ಹೊತ್ತಿನವರೆಗೂ ಮನೆಮಂದಿ ಅಡಿಕೆ ಸುಲಿಯುತ್ತಾರೆ. ಅಂಥ ಹೊತ್ತಿನಲ್ಲಿ ಹನ್ನೆರಡು ಅತಿಥಿಗಳು ಬಂದು ಬಿಸಿನೀರು ಕೇಳಿದರೆ ಆತಿಥ್ಯ ಶಿಕ್ಷೆಯಾಗುತ್ತದೆ.

ಇದಕ್ಕಿಂತ ಗಂಭೀರವಾದುದು ಮಂಗನ ಕಾಯಿಲೆ. ಜಗತ್ತು ಕ್ಯಾಸನೂರು ಅರಣ್ಯ ಕಾಯಿಲೆಯೆಂದು ಕರೆಯುವ ಈ ರೋಗ 1957ರಲ್ಲಿ ಮೊದಲು ಪತ್ತೆಯಾದದ್ದು ಇದೇ ಸೊರಬ ತಾಲ್ಲೂಕಿನಲ್ಲಿ. 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಅದು ಹಲವರ ಪ್ರಾಣ ತೆಗೆಯಿತು. ಕಾಡಿನ ಉಣುಗುಗಳಿಂದ ಹರಡುವ ಈ ರೋಗದ ಕಾಲ ಸಾಮಾನ್ಯವಾಗಿ ಡಿಸೆಂಬರ್‌ನಿಂದ ಮೇ ತಿಂಗಳವರೆಗೆ. ಆ ಅವಧಿಯಲ್ಲಿ ಹೊರಗಿನ ಯುವಕರನ್ನು ಕಾನಿನೊಳಗೆ ಕರೆದೊಯ್ಯುವುದು ಸಾಹಸವಲ್ಲ, ಬೇಜವಾಬ್ದಾರಿ. ಮಂಗಗಳು ಸತ್ತ ಸುದ್ದಿ ಬಂದ ಪ್ರದೇಶವನ್ನು ಯಾವ ತಿಂಗಳಲ್ಲಾದರೂ ಬಿಟ್ಟುಬಿಡಬೇಕು. ಹೊರಡುವ ವಾರದಲ್ಲಿ ಸ್ಥಳೀಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ ಅಲ್ಲಿಯವರ ಸಲಹೆಯಂತೆ ನಡೆಯಬೇಕು.

ಹೀಗೆ ಮಳೆ, ಕೃಷಿ, ಆರೋಗ್ಯ ಮೂರರ ಲೆಕ್ಕವನ್ನೂ ಒಟ್ಟಿಗೆ ಇಟ್ಟುನೋಡಿದರೆ ಉಳಿಯುವುದು ಅಕ್ಟೋಬರ್‌ನ ಆಸುಪಾಸಿನ ಕೆಲವು ವಾರಗಳು. ದಸರಾ ರಜೆಯೂ ಸಾಮಾನ್ಯವಾಗಿ ಆಗಲೇ. ಕೆರೆಗಳು ತುಂಬಿರುತ್ತವೆ, ಗುಡವಿಯ ನೀರಿನ ಮರಗಳ ಮೇಲೆ ಬಿಳಿ ಐಬಿಸ್, ಹಾವಕ್ಕಿ, ನೀರುಕಾಗೆಗಳನ್ನು ಕಾಣಬಹುದು. ಹಿಂಗಾರಿನ ಗುಡುಗುಮಳೆ ಮಧ್ಯಾಹ್ನದ ಮೇಲೆ ಬರುವ ಸಂಭವವಿರುವುದರಿಂದ ಸವಾರಿ ಬೆಳಗಿನಲ್ಲೇ ಮುಗಿಯಬೇಕು. ಆಶ್ವಯುಜದ ಭೂಮಿ ಹುಣ್ಣಿಮೆಯೂ ಈ ದಿನಗಳಲ್ಲೇ ಬರುತ್ತದೆ. ದೀವರ ಮನೆಗಳ ಹೆಣ್ಣುಮಕ್ಕಳು ಭೂಮಣ್ಣಿ ಬುಟ್ಟಿಗೆ ಚಿತ್ತಾರ ಬರೆಯುವ ಸಮಯವದು. ಮನೆಯವರು ಕರೆದರೆ ಅತಿಥಿಗಳು ಬಳಿ ಕುಳಿತು ನೋಡಬಹುದು. ಹಬ್ಬವನ್ನು ಅತಿಥಿಗಳಿಗಾಗಿ ಪ್ರದರ್ಶನವಾಗಿಸುವಂತಿಲ್ಲ.

ತಂಗುದಾಣ

ಒಂದು ತಂಡದಲ್ಲಿ ಹನ್ನೆರಡು ಜನರಿಗಿಂತ ಹೆಚ್ಚು ಇರಬಾರದೆಂಬುದು ಸಲಹೆ. ಒಂದು ಊರಿನಲ್ಲಿ ಮೂರು ಮನೆ, ಮನೆಗೆ ನಾಲ್ವರು. ಮೂರು ರಾತ್ರಿಗಳಿಗೆ ಒಂಬತ್ತು ಮನೆಗಳು ಬೇಕಾಗುತ್ತವೆ. ಒಂದೇ ದೊಡ್ಡ ಮನೆಯಲ್ಲಿ ಎಲ್ಲರನ್ನೂ ಉಳಿಸುವುದು ವ್ಯವಸ್ಥಾಪಕರಿಗೆ ಸುಲಭ. ಆದರೆ ಹಾಗೆ ಮಾಡಿದರೆ ಹಣವೂ ಮಾತುಕತೆಯೂ ಒಂದೇ ಜಗುಲಿಯಲ್ಲಿ ನಿಂತುಬಿಡುತ್ತವೆ. ತೋಟದ ಒಡೆಯರ ಮನೆ, ಗದ್ದೆಯ ರೈತರ ಮನೆ, ದೀವರ ಮನೆ, ಕೂಲಿ ಮಾಡುವವರ ಮನೆ ಎಲ್ಲವೂ ಆತಿಥ್ಯದ ಪಟ್ಟಿಯಲ್ಲಿರಬೇಕು. ಜಾತಿಯ ಕಾರಣಕ್ಕೆ ಒಂದು ಮನೆಯಲ್ಲಿ ಉಣ್ಣಲಾರೆನೆನ್ನುವವರು ಇಂಥ ತಂಡಕ್ಕೆ ಸೇರದಿರುವುದೇ ಒಳ್ಳೆಯದು. ಇದನ್ನು ಹೊರಡುವ ಮೊದಲೇ ಸ್ಪಷ್ಟವಾಗಿ ತಿಳಿಸಬೇಕು.

ಜಗುಲಿಯಲ್ಲಿ ಗಂಡಸರು ಒಪ್ಪಿದ ಮಾತ್ರಕ್ಕೆ ಅಡುಗೆಮನೆ ಒಪ್ಪಿದಂತಾಗುವುದಿಲ್ಲ. ನಾಲ್ವರು ಹೆಚ್ಚಿಗೆ ಬಂದರೆ ಬೇಯಿಸುವವರು, ನೀರು ಸೇದುವವರು, ಹಾಸಿಗೆ ಒಗೆಯುವವರು ಯಾರು? ಅವರ ಒಪ್ಪಿಗೆಯನ್ನು ನೇರವಾಗಿ ಕೇಳಬೇಕು. ತಲೆಗೆ ಇಷ್ಟೆಂದು ಮೊದಲೇ ನಿಗದಿಯಾದ ಹಣವನ್ನು ಅವರ ಕೈಗೇ ಕೊಡಬೇಕು. ಪಾತ್ರೆ ತೊಳೆಯುವ, ನೀರು ತುಂಬುವ ಕೆಲಸದಲ್ಲಿ ಅತಿಥಿಗಳೂ ಕೈಜೋಡಿಸಬೇಕು. ಊಟ ಮನೆಯಲ್ಲಿ ಇದ್ದದ್ದೇ ಆಗಿರಲಿ: ಅಕ್ಕಿರೊಟ್ಟಿ, ಗಂಜಿ, ತಂಬುಳಿ, ಅಪ್ಪೆಮಿಡಿ ಉಪ್ಪಿನಕಾಯಿ. ಪೇಟೆಯ ತಿನಿಸನ್ನು ತರಿಸಿ ಬಡಿಸುವ ಸಂಕೋಚಕ್ಕೆ ಯಾವ ಮನೆಯೂ ಒಳಗಾಗಬಾರದು.

ಉಳಿಯುವ ಮನೆಯಲ್ಲಿ ನೋಡಬೇಕಾದ ಸಂಗತಿಗಳು ಹೆಚ್ಚಿಲ್ಲ. ಸ್ವಚ್ಛ ಶೌಚಾಲಯ, ಕುದಿಸಿ ಆರಿಸಿದ ನೀರು, ಸೊಳ್ಳೆಪರದೆ, ಸೈಕಲ್ಲುಗಳನ್ನು ಇಡಲು ಮಳೆ ತಾಗದ ಒಂದು ಮೂಲೆ, ಹೆಣ್ಣುಮಕ್ಕಳಿಗೆ ಬಾಗಿಲು ಭದ್ರವಾದ ಪ್ರತ್ಯೇಕ ಕೋಣೆ. ಹಣ ಪಡೆದು ಅತಿಥಿಗಳನ್ನು ನಿಯಮಿತವಾಗಿ ಉಳಿಸಿಕೊಳ್ಳುವ ಮನೆಗಳು ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಮಾಡಿಸಿಕೊಳ್ಳಬೇಕು. ವಿದ್ಯಾರ್ಥಿಗಳ ತಂಡಕ್ಕೆ ಶಾಲೆ ಅಥವಾ ಸಮುದಾಯ ಭವನವೂ ಸಾಕು. ಲಿಖಿತ ಅನುಮತಿ ಕೈಯಲ್ಲಿರಬೇಕು.

ಸೈಕಲ್ಲು ಮತ್ತು ಸವಾರ

ಈ ದಾರಿಗೆ ದುಬಾರಿ ಗೇರ್ ಸೈಕಲ್ಲೇ ಆಗಬೇಕೆಂದಿಲ್ಲ. ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆಯನ್ನು ರಾಜ್ಯ ಸರ್ಕಾರ ಆರಂಭಿಸಿದ್ದು 2006-07ರಲ್ಲಿ. ಆ ಯೋಜನೆಯಲ್ಲಿ ಬಂದು, ಕೊಟ್ಟಿಗೆಯ ಮೂಲೆಯಲ್ಲಿ ಜೇಡರಬಲೆ ಹೊದ್ದು ನಿಂತ ಸೈಕಲ್ಲುಗಳು ಮಲೆನಾಡಿನ ಹಳ್ಳಿಗಳಲ್ಲಿ ಇಂದಿಗೂ ಇವೆ. ಟೈರು, ಟ್ಯೂಬು, ಬ್ರೇಕು ಬದಲಿಸಿ ಚೈನಿಗೆ ಎಣ್ಣೆ ಬಿಟ್ಟರೆ ಅವುಗಳಲ್ಲಿ ಹಲವು ಈ ದೂರಕ್ಕೆ ಸಾಕು. ಸೀಟಿನ ಎತ್ತರವನ್ನು ಮಾತ್ರ ಸರಿಮಾಡಿಕೊಳ್ಳಬೇಕು: ಸೀಟಿನ ಮೇಲೆ ಕುಳಿತು ಹಿಮ್ಮಡಿಯನ್ನು ಕೆಳಗಿನ ಪೆಡಲಿನ ಮೇಲಿಟ್ಟಾಗ ಕಾಲು ನೇರವಾಗಬೇಕು. ಸೀಟು ತಗ್ಗಾಗಿದ್ದರೆ ಎರಡನೆಯ ದಿನವೇ ಮೊಣಕಾಲು ನೋಯುತ್ತದೆ.

ತಂಡಕ್ಕೆ ಎರಡು ಪಂಪು, ಪಂಕ್ಚರ್ ಹಾಕುವ ಸಾಮಾನು, ಎರಡು ಹೆಚ್ಚುವರಿ ಟ್ಯೂಬು, ಸ್ಪ್ಯಾನರ್, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ. ಪ್ರತಿಯೊಬ್ಬರಿಗೂ ಒಂದು ಲೋಟ, ಒಂದು ತಟ್ಟೆ, ನೀರಿನ ಬಾಟಲಿ, ಎರಡು ಜೊತೆ ಬಟ್ಟೆ, ಟಾರ್ಚು, ಹೆಲ್ಮೆಟ್ಟು. ತಂದ ಪ್ಲಾಸ್ಟಿಕ್ಕನ್ನು ತಂದವರೇ ಹಿಂದಕ್ಕೆ ಒಯ್ಯಬೇಕು. ದೂರದಿಂದ ಬರುವವರು ಸಾಗರದವರೆಗೆ ರೈಲಿನಲ್ಲಿ ಬರಬಹುದು. ಸೈಕಲ್ಲನ್ನು ರೈಲಿನಲ್ಲಿ ಸಾಗಿಸುವ ಬಗ್ಗೆ ಹೊರಡುವ ನಿಲ್ದಾಣದಲ್ಲೇ ಮೊದಲು ವಿಚಾರಿಸಿಕೊಳ್ಳಬೇಕು. ಶಿರಸಿಯಿಂದ ಮರಳುವ ವಾಹನವನ್ನೂ ಹೊರಡುವ ಮೊದಲೇ ಗೊತ್ತುಮಾಡಬೇಕು.

ವಿದ್ಯಾರ್ಥಿಗಳ ಕೈಯಲ್ಲಿ ಒಂದು ನೋಟುಪುಸ್ತಕವೂ ಇರಲಿ. ದಾರಿಯ ಪ್ರತಿ ಸೇತುವೆಯ ಮೇಲೆ ನಿಂತು ವರದೆಯ ನೀರಿನ ಬಣ್ಣ, ಹರಿವು, ದಡದ ಮರಗಳು, ಬಿದ್ದ ಕಸ ಇವನ್ನು ಬರೆದುಕೊಳ್ಳಬಹುದು. ಸೊರಬದ ಕಾನುಗಳ ಬಗ್ಗೆ ಬ್ರಾಂಡಿಸ್ ಮತ್ತು ಗ್ರ್ಯಾಂಟ್ ಎಂಬ ಬ್ರಿಟಿಷ್ ಸರ್ಕಾರದ ಅಧಿಕಾರಿಗಳು ಜಂಟಿ ವರದಿ ಬರೆದದ್ದು 1868ರಲ್ಲಿ. ಕಾಳುಮೆಣಸು, ಬಗನಿ, ನೀರಿನ ಸೆಲೆಗಳ ಆಶ್ರಯವಾಗಿ ಊರವರೇ ಕಾಪಾಡಿಕೊಂಡು ಬಂದ ಕಾಡುಗಳವು. ಅವುಗಳಲ್ಲಿ ಎಷ್ಟು ಉಳಿದಿವೆ, ಎಲ್ಲಿ ಅಕೇಶಿಯಾ ಬಂದಿದೆ, ಎಲ್ಲಿ ಶುಂಠಿಯ ಹೊಲವಾಗಿದೆ ಎಂಬುದನ್ನು ಸೈಕಲ್ಲಿನ ವೇಗದಲ್ಲಿ ಹೋಗುವವರು ಕಣ್ಣಾರೆ ಕಂಡು, ಹಿರಿಯರನ್ನು ಕೇಳಿ ದಾಖಲಿಸಬಲ್ಲರು. ಐದು ವರ್ಷ ಐದು ತಂಡಗಳು ಅದೇ ಸೇತುವೆಗಳ ಮೇಲೆ ನಿಂತು ಬರೆದರೆ, ಊರಿನ ಕೈಗೆ ತನ್ನದೇ ಆದ ನದಿಯ ದಾಖಲೆ ಬರುತ್ತದೆ.

ಊರಿನ ನಿರ್ಧಾರ

ಇಷ್ಟು ಸಣ್ಣ ತಂಡದಿಂದ ಊರಿಗೆ ಏನು ದಕ್ಕೀತು ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದುದೇ. ಇದು ಯಾರ ಜೀವನೋಪಾಯವೂ ಆಗಲಾರದು, ಆಗಲೂಬಾರದು. ಗದ್ದೆ ತೋಟ ಬಿಟ್ಟು ಅತಿಥಿಗಳನ್ನೇ ನಂಬಿದ ಊರಿನಲ್ಲಿ, ಅತಿಥಿಗಳು ಬಾರದ ವರ್ಷ ಒಲೆ ಉರಿಯುವುದಿಲ್ಲ. 2020ರ ಕೋವಿಡ್ ದಿನಗಳಲ್ಲಿ ಪ್ರವಾಸೋದ್ಯಮವನ್ನೇ ನೆಚ್ಚಿದವರು ಇದನ್ನು ಕಂಡುಂಡಿದ್ದಾರೆ. ಕೃಷಿಯ ಆದಾಯದ ಬದಿಯಲ್ಲಿ ಸ್ವಲ್ಪ ಹಣ, ಹೊರಗಿನ ಯುವಜನರೊಡನೆ ಒಂದು ಸಂಬಂಧ, ಸ್ವಂತ ಊರಿನ ಮಕ್ಕಳಿಗೆ ಸ್ವಂತ ನದಿಯ ಪರಿಚಯ. ನಿರೀಕ್ಷಿಸಬಹುದಾದದ್ದು ಇಷ್ಟೇ.

ಇನ್ನೊಂದು ಆತಂಕವೂ ಇದೆ: ಇಂದು ಸೈಕಲ್ ಬಂದರೆ ನಾಳೆ ರೆಸಾರ್ಟ್ ಬಾರದೇ? ಬರಬಹುದು. ಆದ್ದರಿಂದ ಒಂದು ವರ್ಷಕ್ಕೆ ಎಷ್ಟು ತಂಡ, ಯಾವ ವಾರಗಳಲ್ಲಿ, ಯಾವ ದಾರಿಯಲ್ಲಿ, ಯಾವ ಕಾನು ಮತ್ತು ದೇವರಕಾಡುಗಳಿಗೆ ಪ್ರವೇಶವಿಲ್ಲ ಎಂಬುದನ್ನು ಗ್ರಾಮಸಭೆಯೇ ಚರ್ಚಿಸಿ ಬರೆದಿಡಬೇಕು. ಈ ವರ್ಷ ಬೇಡವೆನ್ನುವ ಅಧಿಕಾರವೂ ಊರಿಗೆ ಇರಬೇಕು. ಊರು ಬೇಡವೆಂದರೆ ತಂಡ ಮರುಮಾತಿಲ್ಲದೆ ಬೇರೆ ದಾರಿ ಹುಡುಕಿಕೊಳ್ಳಬೇಕು.

ಆರಂಭಕ್ಕೆ ದೊಡ್ಡ ಸಂಘಟನೆ ಬೇಕಾಗಿಲ್ಲ. ಆಗಸ್ಟ್‌ನಲ್ಲಿ ಒಂಬತ್ತು ಮನೆಗಳವರೊಡನೆ ಮಾತುಕತೆ, ಸೆಪ್ಟೆಂಬರ್ ಕೊನೆಗೆ ಇಬ್ಬರ ಮುಂಗಡ ಸವಾರಿ, ಅಕ್ಟೋಬರ್‌ನಲ್ಲಿ ಮೊದಲ ತಂಡ. ಆ ತಂಡದಲ್ಲಿ ಅರ್ಧದಷ್ಟಾದರೂ ಇದೇ ಕಣಿವೆಯ ವಿದ್ಯಾರ್ಥಿಗಳಿರಲಿ. ಪ್ರವಾಸ ಮುಗಿದ ವಾರದಲ್ಲಿ ಖರ್ಚಿನ ಲೆಕ್ಕವನ್ನು ಒಂಬತ್ತೂ ಮನೆಗಳ ಮುಂದೆ ಓದಿಹೇಳಿ, ಮುಂದಿನ ವರ್ಷ ಮತ್ತೆ ಬರಬಹುದೇ ಎಂದು ಅಡುಗೆ ಮಾಡಿದವರನ್ನೇ ಮೊದಲು ಕೇಳಬೇಕು.